ಹತ್ತಕ್ಕೆ ಒಂಬತ್ತು

“ಏಯ್ ಅರ್ಧಪ್ಪ, ನಿನಗೆ ಅಂಕಿ ಓದೋಕಾದ್ರೂ ಬರುತ್ತೇನೋ? ಇಲ್ಲಾ ಮಿಷನ್ ಮೇಲೆ ಕೆಂಪಗೆ ಏನೋ ಮಿಣುಕ್ತು ಅಂತ ಬಾಯಿಗೆ ಬಂದಿದ್ದು ಒದರ್ತೀಯೋ?”

ಬ್ಯಾಂಕಿನಲ್ಲಿ ಕೆಲಸವಿದ್ದುದಕ್ಕೆ ಗಲ್ಲಿಯವರೆಲ್ಲ ಬ್ಯಾಂಕಿನಮ್ಮ ಎನ್ನುತ್ತಿದ್ದ ಹೆಂಗಸು ಕಾರಿನ ಬಾಗಿಲನ್ನೂ ಹಾಕದೆ ಅಂದ ಮಾತು ಇದು. ಹಳೇ ಪೇಪರ್ ಅಂಗಡಿಯ ಮುಂದೆ ಆ ಹೊತ್ತಿಗೆ ಏಳು ಜನ ನಿಂತಿದ್ದರು, ಅವರ ಕಾಲ ಬಳಿ ಒಂಬತ್ತು ಸೂಟ್‌ಕೇಸು. ಏಳು ಜನರೂ ತಿರುಗಿ ನೋಡಿದರು. ಸೂಟ್‌ಕೇಸುಗಳಿಗೆ ಕಣ್ಣಿದ್ದಿದ್ದರೆ ಅವೂ ನೋಡುತ್ತಿದ್ದವು.

ಅರ್ಧಪ್ಪ ಎಂಬುದು ಅವನ ಹೆಸರಲ್ಲ. ಏಳನೇ ಕ್ಲಾಸಿನ ಅರ್ಧದಲ್ಲಿ ಅಪ್ಪ ತೀರಿಕೊಂಡು, ಶಾಲೆ ಬಿಟ್ಟು, ಅಮ್ಮನ ಜೊತೆ ಸೋದರಮಾವನ ಈ ಅಂಗಡಿಯ ಹಿಂದಿನ ಕೋಣೆಗೆ ಬಂದು ಬಿದ್ದ ದಿನ ಮಾವನೇ ಇಟ್ಟ ಅಡ್ಡಹೆಸರು. ಹತ್ತು ವರ್ಷದಲ್ಲಿ ಅದು ಗಲ್ಲಿಗೆಲ್ಲ ಬಾಯಿಪಾಠವಾಗಿತ್ತು. ನಿಜವಾದ ಹೆಸರು ಅವನ ಅಮ್ಮನಿಗೆ ಮಾತ್ರ ಗೊತ್ತು, ಅವಳೂ ಆ ಹೆಸರು ಹಿಡಿದು ಕರೆಯುತ್ತಿದ್ದುದು ಅವನಿಗೆ ಜ್ವರ ಬಂದಾಗ.

ಬ್ಯಾಂಕಿನಮ್ಮ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ತೂಕದ ಮಿಷನ್ನಿನ ಮೇಲೆ ಸುರಿದರು. ಒಂದು ಜೊತೆ ಬೂಟು, ಒಂದು ಗೋಡೆ ಗಡಿಯಾರ, ಎರಡು ಡಬ್ಬಿ, ಮಗುವಿನ ಒಂದು ಗೊಂಬೆ.

“ನೋಡು. ಚೆನ್ನಾಗಿ ನೋಡು. ನನ್ನ ಸೊಸೆ ವಿಮಾನ ನಿಲ್ದಾಣದಲ್ಲಿ, ಸಾವಿರ ಜನರ ಮುಂದೆ, ನೆಲದ ಮೇಲೆ ಮಂಡಿಯೂರಿ ಸೂಟ್‌ಕೇಸ್ ಬಿಚ್ಚಿ ತೆಗೆದ ಸಾಮಾನು ಇದು. ನೀನು ನಿನ್ನೆ ಎಷ್ಟು ಅಂದೆ? ಇಪ್ಪತ್ಮೂರು. ಅಲ್ಲಿ ಇಟ್ಟರೆ ಇಪ್ಪತ್ತೈದೂವರೆ! ಒಳಬಟ್ಟೆ, ಔಷಧಿ, ಎಲ್ಲಾ ಊರಿಗೇ ಪ್ರದರ್ಶನ. ಅಷ್ಟೇ ಆಗಿದ್ರೆ ಸುಮ್ಮನಾಗ್ತಿದ್ದೆ. ಸಾಮಾನು ತೆಗೆಯೋಕೆ ಪಕ್ಕಕ್ಕೆ ಹೋದವರು ಮತ್ತೆ ಸಾಲಿನ ಬಾಲಕ್ಕೇ ಹೋಗಿ ನಿಲ್ಲಬೇಕಂತೆ. ರಜೆ ಜನ, ಸಾಲು ಬಾಗಿಲಿನಿಂದ ಆಚೆಗೆ ಬಂದಿದೆ. ನನ್ನ ಮಗ, ಸೊಸೆ, ಆ ಕೂಸು ಓಡ್ಕೊಂಡು ಹೋಗಿ ಹತ್ತಿದ್ರು. ನಮ್ಮ ಹಿಂದೆ ಇದ್ದವರಿಗೆ ವಿಮಾನ ತಪ್ಪೇ ಹೋಯ್ತು!”

ಅವನು ಬಾಯಿ ತೆರೆದ. “ಅಮ್ಮ, ನಾನು ನಿನ್ನೆ ಏನಂದಿದ್ದೆ? ಇಪ್ಪತ್ತೂವರೆ ಮೀರಬೇಡಿ ಅಂತ...”

“ಇಪ್ಪತ್ತಮೂರರವರೆಗೆ ಬಿಡ್ತಾರೆ ಅಂತ ಟಿಕೆಟ್ಟಲ್ಲಿ ಬರೆದಿರುವಾಗ ಇಪ್ಪತ್ತೂವರೆ ಎಲ್ಲಿಂದ ಬಂತೋ? ನಿನ್ನ ಏಳನೇ ಕ್ಲಾಸಿಂದಲಾ?”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಅವನು ಮಾವನ ಮುಖ ನೋಡಿದ. ಮಾವ ತನ್ನ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು, ಕಿವಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಕೂತಿದ್ದ. ಒಂದು ಕ್ಷಣ ಇಬ್ಬರ ಕಣ್ಣೂ ಕೂಡಿದವು. ಹೇಳು ಮಾವ, ಒಂದು ಮಾತು ಹೇಳು, ತಮಾಷೆಗಾದರೂ ಹೇಳು.

“ಬಿಡಿ ಅಮ್ಮ, ನೀವು ದೊಡ್ಡವರು, ಮನಸ್ಸಿಗೆ ಹಚ್ಕೋಬೇಡಿ,” ಎಂದ ಮಾವ, ಎದ್ದು ನಿಂತು ಕೈ ಜೋಡಿಸಿ. “ನನ್ನದೇ ತಪ್ಪು. ಅಕ್ಷರ ಇಲ್ಲದೋನ ಕೈಗೆ ಅಂಕಿ ಕೊಟ್ಟೆ. ಮೂರನ್ನ ಎಂಟು ಅಂತಾನೆ, ಎಂಟನ್ನ ಮೂರು ಅಂತಾನೆ. ತಂಗಿ ಮಗ, ಬೀದಿಗೆ ಹಾಕೋಕಾಗುತ್ತಾ? ಕೂತ್ಕೊಳ್ಳಿ, ನೀರು ತರಿಸ್ತೀನಿ.”

ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಮೇಕೆಗೆ ಆಗ ಏನನ್ನಿಸಿತು ಎಂದು ಗಾದೆ ಕಟ್ಟಿದವರು ಯಾರೂ ಕೇಳಲಿಲ್ಲ. ಅರ್ಧಪ್ಪನನ್ನು ಕೇಳಿದ್ದರೆ ಹೇಳುತ್ತಿದ್ದ.

ಯಾಕೆಂದರೆ ಅಂಕಿ ಅವನಿಗೆ ಬರುತ್ತಿತ್ತು. ಈ ಗಲ್ಲಿಯಲ್ಲಿ ಯಾರಿಗೂ ಬಾರದಷ್ಟು ಬರುತ್ತಿತ್ತು.

ಆ ಮಿಷನ್ ಅಂಗಡಿಗೆ ಬಂದದ್ದು ಆರು ವರ್ಷದ ಹಿಂದೆ. ಚದರ ಕಬ್ಬಿಣದ ಹಾಸು, ಮೇಲೆ ಕೆಂಪು ಅಂಕಿಯ ಪೆಟ್ಟಿಗೆ. ಬಂದ ದಿನ ಮಾವ ಶಟರ್ ಅರ್ಧ ಇಳಿಸಿ, ಹಳೆಯ ಹತ್ತು ಕೆಜಿ ತೂಕದ ಕಲ್ಲನ್ನು ಅದರ ಮೇಲಿಟ್ಟ. ಕಬ್ಬಿಣದ್ದಾದರೂ ಅಂಗಡಿಯವರ ಬಾಯಲ್ಲಿ ಅದು ಕಲ್ಲೇ. ಹಿಂದಿನ ಮುಚ್ಚಳ ಬಿಚ್ಚಿ, ಒಳಗಿದ್ದ ಒಂದು ಗುಂಡಿಯನ್ನು ಒತ್ತಿ ಹಿಡಿದು, ಇದು ಒಂಬತ್ತು ಕೆಜಿ ಎಂದು ಮಿಷನ್ನಿಗೆ ಹೇಳಿಕೊಟ್ಟ. ಮಗುವಿಗೆ ಸುಳ್ಳು ಕಲಿಸುವುದು ಕಷ್ಟ, ಒಂದೊಂದು ಸಲ ಮರೆತು ನಿಜ ಹೇಳಿಬಿಡುತ್ತದೆ. ಮಿಷನ್ ತಾನಾಗಿ ಮರೆಯುವುದಿಲ್ಲ. ಅಂದಿನಿಂದ ಇಂದಿನವರೆಗೆ ಅದು ಹತ್ತಕ್ಕೆ ಒಂಬತ್ತೇ ಹೇಳಿಕೊಂಡು ಬಂದಿದೆ. ಜನ ಹಳೇ ಪೇಪರ್ ತರುತ್ತಾರೆ, ಹತ್ತು ಕೆಜಿ ತಂದವರು ಒಂಬತ್ತಕ್ಕೆ ದುಡ್ಡು ತಗೊಂಡು ಹೋಗುತ್ತಾರೆ. ಹತ್ತನೆಯದು ಮಾವನದು. ಆ ಕಲ್ಲು ಗೋಣಿಚೀಲ ಸುತ್ತಿಕೊಂಡು ಮಾವನ ಸ್ಟೂಲಿನ ಕೆಳಗೇ ಮಲಗಿತ್ತು, ಕರೆಂಟು ಹೋಗಿ ಬಂದಾಗ ಮಿಷನ್ ಪಾಠ ಮರೆತರೆ ಮತ್ತೆ ಕಲಿಸಲು.

ಅದೆಲ್ಲ ಕಾಗದದ ಮಟ್ಟಿಗೆ ಸರಾಗವಾಗಿ ನಡೆದಿತ್ತು. ಎರಡು ವರ್ಷದ ಹಿಂದೆ ಗಲ್ಲಿಯವರು ವಿಮಾನ ಹತ್ತಲು ಶುರು ಮಾಡಿದರು ನೋಡಿ, ಆಗ ಗ್ರಹಚಾರ ಕೆಟ್ಟಿತು. ರಜೆ ಬಂದರೆ ಸಾಕು, ಒಬ್ಬರ ಮಗ ಅಲ್ಲಿ, ಒಬ್ಬರ ಅಣ್ಣ ಇಲ್ಲಿ, ಗಲ್ಲಿಗೆ ಗಲ್ಲಿಯೇ ಹೊರಡುತ್ತಿತ್ತು. ಸೂಟ್‌ಕೇಸ್ ತೂಗುವಷ್ಟು ಅಗಲದ ಮಿಷನ್ ಇದ್ದದ್ದು ಈ ಅಂಗಡಿಯಲ್ಲಿ ಒಂದೇ. ಮೊದಲು ಬಂದವರಿಗೆ ಮಾವ ಇಲ್ಲ ಅನ್ನಲಿಲ್ಲ. ಸೂಟ್‌ಕೇಸ್ ತಂದವರು ಮನೆಯಲ್ಲಿ ಕೂಡಿದ್ದ ಪೇಪರನ್ನೂ ತರುತ್ತಾರಲ್ಲ. ಆಮೇಲೆ ಇಲ್ಲ ಅನ್ನುವ ಹಾಗೂ ಇರಲಿಲ್ಲ. ನಮ್ಮ ಮಿಷನ್ ಸರಿಯಿಲ್ಲ ಎಂದು ಯಾವ ಬಾಯಿಂದ ಹೇಳುವುದು?

ಆಗ ದಾರಿ ಕಂಡುಕೊಂಡವನು ಅರ್ಧಪ್ಪನೇ. ಒಂದು ಮಧ್ಯಾಹ್ನ ಸಿಗರೇಟ್ ಪ್ಯಾಕಿನ ಹಿಂದೆ ಗೀಚಿ, ಅಳಿಸಿ, ಮತ್ತೆ ಗೀಚಿ ಲೆಕ್ಕ ಹಾಕಿದ. ಅಸಲಿ ಇಪ್ಪತ್ತಮೂರು ಅಂದರೆ ಈ ಮಿಷನ್ನಲ್ಲಿ ಇಪ್ಪತ್ತು ಕೆಜಿ ಏಳುನೂರು ಗ್ರಾಂ. ಇನ್ನೂರು ಗ್ರಾಂ ಕೈತಪ್ಪಿಗೆ ಬಿಟ್ಟರೆ ಇಪ್ಪತ್ತೂವರೆ. ಬಂದವರಿಗೆಲ್ಲ ಒಂದೇ ಮಾತು: “ಇಪ್ಪತ್ತೂವರೆ ಮೀರಬೇಡಿ, ಅಲ್ಲಿಯ ಮಿಷನ್ ಸ್ವಲ್ಪ ಜಾಸ್ತಿ ತೋರಿಸುತ್ತೆ.” ಕೇಳಿದವರು ನಗುನಗುತ್ತಾ ಹೋಗಿ ಬಂದರು. ಎರಡು ವರ್ಷದಲ್ಲಿ ಒಬ್ಬರ ಸೂಟ್‌ಕೇಸೂ ಅಲ್ಲಿ ಬಾಯಿ ಬಿಡಲಿಲ್ಲ. ಬ್ಯಾಂಕಿನಮ್ಮ ಕೇಳಲಿಲ್ಲ, ಎರಡೂವರೆ ಕೆಜಿ ಯಾಕೆ ಬಿಡಲಿ ಎಂದು ಅದುಮಿ ಅದುಮಿ ತುಂಬಿಸಿದರು.

“ನಾಳೆಯಿಂದ ಯಾಕೆ, ಈಗಿನಿಂದಲೇ ನಾನೇ ತೂಕ ನೋಡ್ತೀನಿ,” ಎಂದ ಮಾವ ಎಲ್ಲರಿಗೂ ಕೇಳುವ ಹಾಗೆ. “ನೀನು ಹೋಗಿ ಬಾಟ್ಲಿ ಆರಿಸು, ಹೋಗೋ. ಅದಕ್ಕೆ ಅಂಕಿ ಬೇಡ. ಮುಂದಿನವರು ಯಾರು? ಟೈಲರಮ್ಮನಾ? ಬನ್ನಿ ಬನ್ನಿ.”

ಅರ್ಧಪ್ಪ ಬಾಟ್ಲಿಯ ರಾಶಿಯ ಕಡೆಗೆ ಎರಡು ಹೆಜ್ಜೆ ಹಾಕಿದವನು ನಿಂತುಬಿಟ್ಟ.

ಟೈಲರಮ್ಮ ಗಲ್ಲಿಯ ಮೂಲೆಯ ಮನೆಯವರು. ವಯಸ್ಸು ಅರವತ್ತು ದಾಟಿದೆ, ಕತ್ತಿನಲ್ಲಿ ಅಳತೆ ಟೇಪು ಇಲ್ಲದೆ ಯಾರೂ ನೋಡಿದವರಿಲ್ಲ, ಇವತ್ತೂ ಇತ್ತು. ಅವನು ಅಪ್ಪನಿಲ್ಲದ ಹುಡುಗನಾಗಿ ಈ ಗಲ್ಲಿಗೆ ಬಂದಾಗ, ಒಂದು ಮಾತೂ ಆಡದೆ ಅವನ ಸೊಂಟಕ್ಕೆ ಟೇಪು ಸುತ್ತಿ ಎರಡು ಚಡ್ಡಿ ಹೊಲಿದು ಕೊಟ್ಟವರು. ಅರ್ಧಪ್ಪ ಎಂದು ಕರೆಯದವರು ಅವರೊಬ್ಬರೇ. “ಮಗಾ” ಎನ್ನುತ್ತಿದ್ದರು. ದೂರದ ದೇಶದಲ್ಲಿದ್ದ ಒಬ್ಬಳೇ ಮಗಳಿಗೆ ಇನ್ನು ನಾಲ್ಕು ದಿನಕ್ಕೆ ಹೆರಿಗೆ. ಇವರಿಗೆ ವಿಮಾನ ಇದೇ ಮೊದಲು, ಅದೂ ಒಬ್ಬರೇ. ಸಂಜೆ ಐದಕ್ಕೆ ಹೊರಡುವ ಈ ವಿಮಾನ ತಪ್ಪಿದರೆ ಮುಂದಿನ ಒಂಬತ್ತು ದಿನ ಯಾವುದರಲ್ಲೂ ಸೀಟಿಲ್ಲ ಎಂದು ಮೊನ್ನೆಯೇ ಗಲ್ಲಿಯೆಲ್ಲ ಹೇಳಿಕೊಂಡು ತಿರುಗಿದ್ದರು.

ಮಾವ ಬೂಟು ಗಡಿಯಾರಗಳನ್ನೆಲ್ಲ ಕೆಳಗೆ ಸರಿಸಿ ಸೂಟ್‌ಕೇಸ್ ಎತ್ತಿ ಮಿಷನ್ ಮೇಲಿಟ್ಟ. ಇಪ್ಪತ್ತು ಕೆಜಿ ನಾನೂರು.

“ಅಯ್ಯೋ, ಇನ್ನೂ ಎರಡೂವರೆ ಕೆಜಿ ಜಾಗ ಇದೆಯಲ್ಲ ಟೈಲರಮ್ಮ! ಹಾಗೇ ಖಾಲಿ ತಗೊಂಡು ಹೋಗ್ತೀರಾ?”

ಟೈಲರಮ್ಮನ ಮುಖ ಅರಳಿತು. “ಹೌದೇನಪ್ಪ? ಮೊನ್ನೆ ನಿನ್ನ ತಂಗಿ ಮಗ ಇಷ್ಟೇ ಸಾಕು ಅಂದಿದ್ದ. ಅದಕ್ಕೇ ಇವೆರಡನ್ನ ಕೈಯಲ್ಲಿ ಹಿಡ್ಕೊಂಡು ಬಂದೆ, ಆದ್ರೆ ಹಾಕೋಣ, ಇಲ್ಲಾಂದ್ರೆ ಬಿಡೋಣ ಅಂತ.” ಕೈಚೀಲದಿಂದ ಎರಡು ವಸ್ತು ಹೊರಬಂದವು. ಒಂದು ಅವರ ಹಳೆಯ ಇಸ್ತ್ರಿ ಪೆಟ್ಟಿಗೆ. ಇನ್ನೊಂದು ಮಗುವಿಗೆ ಹೊದಿಸಲು ಬಣ್ಣಬಣ್ಣದ ಚೂರು ಜೋಡಿಸಿ ಹೊಲಿದ ಹೊದಿಕೆ.

“ಅಲ್ಲಿ ಇಸ್ತ್ರಿ ಪೆಟ್ಟಿಗೆ ಸಿಗಲ್ವೇ?” ಎಂದರು ಸಾಲಿನಲ್ಲಿದ್ದ ಒಬ್ಬರು.

“ಸಿಗುತ್ತಪ್ಪ. ಅದಕ್ಕೆ ನನ್ನ ಕೈ ಗೊತ್ತಿರಲ್ವಲ್ಲ.”

ಎಲ್ಲರೂ ನಕ್ಕರು. ಅರ್ಧಪ್ಪ ನಗಲಿಲ್ಲ. ಇಸ್ತ್ರಿ ಪೆಟ್ಟಿಗೆ ಒಳಗೆ ಹೋಯಿತು, ಮೇಲೆ ಹೊದಿಕೆ ಹೋಯಿತು, ಕೆಂಪು ಅಂಕಿ ಮೇಲೇರಿ ಇಪ್ಪತ್ತೆರಡು ಕೆಜಿ ಒಂಬೈನೂರಕ್ಕೆ ನಿಂತಿತು. ಅವನ ತಲೆಯೊಳಗಿನ ಇನ್ನೊಂದು ಮಿಷನ್ ಅಷ್ಟೇ ಬೇಗ ಲೆಕ್ಕ ಮುಗಿಸಿತ್ತು: ಇಪ್ಪತ್ತೈದು ಕೆಜಿ ನಾನೂರು, ಚಿಲ್ಲರೆ.

“ಅಚ್ಚುಕಟ್ಟು!” ಎಂದ ಮಾವ. ರದ್ದಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಎಳೆದು ಸೂಟ್‌ಕೇಸಿಗೆ ಅಡ್ಡ ಎರಡು, ಉದ್ದ ಎರಡು ಸುತ್ತಿ, ಟಕ್ ಟಕ್ ಎಂದು ಬಿಗಿದ. “ದೇವರು ಬಂದ್ರೂ ಬಿಚ್ಚಲ್ಲ. ನಿಶ್ಚಿಂತೆಯಿಂದ ಹೋಗಿಬನ್ನಿ.”

ಅರ್ಧಪ್ಪ ಮಾವನ ಪಕ್ಕಕ್ಕೆ ಬಂದ. ಹಲ್ಲು ಕಚ್ಚಿ, ಪಿಸುದನಿಯಲ್ಲಿ, “ಮಾವ, ಬೇಡ. ಆಯಮ್ಮ ಒಂಟಿ. ಅಲ್ಲಿ ಪಕ್ಕಕ್ಕೆ ಕಳಿಸಿದ್ರೆ ಈ ಪಟ್ಟಿ ಕತ್ತರಿಸೋರೂ ಇರಲ್ಲ. ಸಾಲಿನ ಬಾಲಕ್ಕೆ ಹೋದ್ರೆ ವಿಮಾನ ಸಿಗಲ್ಲ,” ಎಂದ.

“ಬಾಟ್ಲಿ ಆರಿಸು ಅಂದೆ.”

“ಎರಡೂವರೆ ಕೆಜಿ ತೆಗೆಸು ಅಷ್ಟೇ. ಏನಾದ್ರೂ ನೆಪ ಹೇಳು.”

“ಬ್ಯಾಂಕಿನಮ್ಮ ಅಲ್ಲೇ ಕೂತಿದಾರೆ. ಇಪ್ಪತ್ತೂವರೆ ಅಂತ ಈಗ ನಾನೂ ಅಂದ್ರೆ ಕಥೆ ಏನಾಗುತ್ತೆ ಗೊತ್ತೇನೋ? ಉಂಡ ಮನೆ ಜಂತೆ ಎಣಿಸ್ಬೇಡ. ಹೋಗು.”

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಮಾವ ಒಮ್ಮೆ ಸ್ಟೂಲಿನ ಕೆಳಗೆ ಕಣ್ಣು ಹಾಯಿಸಿ, ಮತ್ತೆ ನಗು ತಂದುಕೊಂಡ.

ಟೈಲರಮ್ಮ ಬೀದಿಯ ಕಡೆ ನೋಡುತ್ತ ನಿಂತಿದ್ದರು, ಕಾರು ಬರುವ ಹೊತ್ತು. ಅರ್ಧಪ್ಪ ಅವರ ಹತ್ತಿರ ಹೋದ.

“ದೊಡ್ಡಮ್ಮ, ನನ್ನ ಮಾತು ಕೇಳಿ. ಆ ಇಸ್ತ್ರಿ ಪೆಟ್ಟಿಗೆ, ಹೊದಿಕೆ ಎರಡೂ ತೆಗೆದುಬಿಡಿ. ಮೊನ್ನೆ ನಾನು ಹೇಳಿದಷ್ಟೇ ಇರಲಿ.”

ಅವರು ಅವನ ಮುಖ ನೋಡಿದರು. ಪ್ರೀತಿಯಿಂದಲೇ ನೋಡಿದರು, ಅದೇ ಅವನಿಗೆ ಚುಚ್ಚಿತು.

“ಯಾಕೆ ಮಗಾ? ನಿಮ್ಮ ಮಾವನೇ ಸರಿ ಅಂದ್ನಲ್ಲ.”

“ಮಾವ ಹೇಳಿದ್ದು ತಪ್ಪು.”

“ಅಂಕಿ ನಾನೂ ನೋಡಿದೆ ಕಣಪ್ಪ. ಇಪ್ಪತ್ತೆರಡು ಚಿಲ್ಲರೆ ಇತ್ತು.” ಸ್ವಲ್ಪ ತಡೆದು, ಅವನ ತೋಳು ತಟ್ಟಿದರು. “ಎಲ್ಲರಿಗೂ ಎಲ್ಲಾ ಬರಲ್ಲ ಮಗಾ. ಅವರು ಅಂದಿದ್ದನ್ನ ಮನಸ್ಸಿಗೆ ಹಾಕ್ಕೋಬೇಡ. ನಂಗೂ ಓದು ಬರಲ್ಲ, ಬದುಕಿಲ್ವಾ?”

ಬ್ಯಾಂಕಿನಮ್ಮನ ಬೈಗುಳ ಮೈಮೇಲೆ ಬಿದ್ದಿತ್ತು. ಇದು ಒಳಗೆ ಹೋಯಿತು. ಇಡೀ ಗಲ್ಲಿಯಲ್ಲಿ ತನ್ನ ಮಾತಿಗೆ ತೂಕ ಕೊಡುತ್ತಿದ್ದ ಒಂದು ಜೀವವೂ ಅರ್ಧ ಗಂಟೆಯಲ್ಲಿ ಕೈತಪ್ಪಿತ್ತು.

ಹಿಂದಿನ ಕೋಣೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ಬ್ಯಾಂಕಿನಮ್ಮನಿಗೆ ತಂದ ನೀರಿನ ಲೋಟ. ಅವಳಿಗೂ ಎಲ್ಲ ಗೊತ್ತಿತ್ತು, ಆರು ವರ್ಷದಿಂದ ಗೊತ್ತಿತ್ತು. ಮಗನ ಬೆನ್ನು ನೋಡಿಯೇ ಅವನ ಹೊಟ್ಟೆಯೊಳಗಿನದನ್ನು ಓದಬಲ್ಲವಳು. “ಬೇಡ ಕಣೋ,” ಎಂದಳು ತುಟಿಯಲ್ಲೇ. “ನಿನ್ನ ದಮ್ಮಯ್ಯ. ನಮಗೆ ಇನ್ನೆಲ್ಲಿದೆ ಮನೆ?”

ಗಲ್ಲಿಯ ತಿರುವಿನಲ್ಲಿ ಹಾರ್ನ್ ಆಯಿತು. ಬಾಡಿಗೆ ಕಾರು ಬಂದು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, “ಬೇಗ ಅಮ್ಮಾ, ರಜೆ ಟ್ರಾಫಿಕ್ಕು, ಎರಡು ಗಂಟೆ ಹಿಡಿಯುತ್ತೆ. ಈಗ ಬಿಟ್ರೆ ಸರಿ, ಹತ್ತು ನಿಮಿಷ ತಡ ಆದ್ರೆ ನನ್ನನ್ನ ಕೇಳ್ಬೇಡಿ,” ಎಂದ.

ಹತ್ತು ನಿಮಿಷ. ಮಾವ ಸೂಟ್‌ಕೇಸಿನ ಹಿಡಿ ಹಿಡಿದು ಎಳೆಯಲು ಬಗ್ಗಿದ.

ಅರ್ಧಪ್ಪ ಮಾವನನ್ನು ದಾಟಿ ಹೋದ. ಸ್ಟೂಲನ್ನು ಕಾಲಲ್ಲಿ ಸರಿಸಿದ. ಸ್ಟೂಲು ಉರುಳಿತು, ಪೇಪರಿನ ಕಂತೆಗೆ ಬಡಿದು ನಿಂತಿತು. ಕೆಳಗಿದ್ದ ಗೋಣಿಚೀಲದ ಗಂಟನ್ನು ಎಳೆದು ಬಿಡಿಸಿ ಕಲ್ಲನ್ನು ಎರಡು ಕೈಯಲ್ಲೂ ಎತ್ತಿಕೊಂಡ.

“ಏಯ್! ಏನೋ ಅದು? ಇಡೋ ಅಲ್ಲೇ! ಇಡು ಅಂದೆ!” ಮಾವನ ದನಿ ಕೀರಲಾಯಿತು.

ಅವನು ಮೊದಲು ಬ್ಯಾಂಕಿನಮ್ಮನ ಹತ್ತಿರ ಹೋಗಿ ಕಲ್ಲನ್ನು ಅವರ ಕಣ್ಣಿನ ಮುಂದೆ ಹಿಡಿದ.

“ಓದಿ ಅಮ್ಮ. ನನಗೆ ಅಕ್ಷರ ಬರಲ್ಲ.”

ಬ್ಯಾಂಕಿನಮ್ಮ ಕನ್ನಡಕ ಸರಿಮಾಡಿಕೊಂಡರು. ಕಬ್ಬಿಣದ ಮೇಲೆ ಎರಕದಲ್ಲೇ ಮೂಡಿದ್ದ ಅಂಕಿ, ಪಕ್ಕದಲ್ಲಿ ಗುಂಡಗಿನ ಸರಕಾರಿ ಮುದ್ರೆ. “ಹತ್ತು,” ಎಂದರು. “ಹತ್ತು ಕೆಜಿ.”

ಅವನು ಸೂಟ್‌ಕೇಸನ್ನು ಮಿಷನ್ ಮೇಲಿಂದ ಕೆಳಗಿಳಿಸಿದ, ಕಲ್ಲನ್ನು ಹಾಸಿನ ನಟ್ಟನಡುವೆ ಇಟ್ಟು ಕೈ ತೆಗೆದ.

ಕೆಂಪು ಅಂಕಿ ಒಮ್ಮೆ ತಡಬಡಿಸಿತು. ಆಮೇಲೆ ನಿಂತಿತು. ಒಂಬತ್ತು. ಅದರ ಮುಂದೆ ಎರಡು ಸೊನ್ನೆ.

ಸಾಲಿನವರೆಲ್ಲ ಅಂಕಿಯ ಕಡೆಗೆ ಬಗ್ಗಿದರು. ಡ್ರೈವರ್ ಕೂಡ ಹಾರ್ನಿನ ಮೇಲಿಟ್ಟ ಕೈ ತೆಗೆದ.

ಮೊದಲು ಬಾಯಿ ಬಿಟ್ಟವರು ಸಾಲಿನ ಕೊನೆಯಲ್ಲಿ ಪೇಪರಿನ ಕಟ್ಟು ಹಿಡಿದು ನಿಂತಿದ್ದ ಮುದುಕರು. “ಅಂದ್ರೆ... ನಮ್ಮ ಪೇಪರು?” ಎಂದರು. ಅಷ್ಟೇ. ಕೈಯಲ್ಲಿದ್ದ ಕಟ್ಟನ್ನು ಎದೆಗವಚಿಕೊಂಡರು, ಕೂಸನ್ನು ಯಾರೋ ಕಿತ್ತುಕೊಳ್ಳಲು ಬಂದ ಹಾಗೆ.

ಮಾವ ಬಲು ಚುರುಕು. “ಇವನೇ! ಇವನೇ ತಿರುಚಿರೋದು! ಆ ಮಿಷನ್ ಮುಟ್ಟೋದು ದಿನಾ ಇವನೊಬ್ಬನೇ, ನೀವೇ ನೋಡಿದ್ದೀರಿ! ಅನ್ನ ಹಾಕಿದ ಕೈ ಕಚ್ಚೋ ಜಾತಿ ಇದು! ಹೇಳೋ, ಯಾವಾಗ ಮಾಡ್ದೆ? ಹೇಳು!”

“ಹೇಳಪ್ಪ,” ಎಂದರು ಬ್ಯಾಂಕಿನಮ್ಮ. ಈಗ ಅವರ ದನಿ ಬೇರೆಯಾಗಿತ್ತು. “ಯಾರು ಮಾಡಿದ್ದು?”

ಹತ್ತು ವರ್ಷದ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಬಿಟ್ಟರೆ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ಹೊತ್ತಿರಲಿಲ್ಲ. ಕಲ್ಲು ಯಾರ ಸ್ಟೂಲಿನ ಕೆಳಗಿಂದ ಬಂತು ಎಂದು ಏಳು ಜನರೂ ನೋಡಿದ್ದರು, ಕಣ್ಣಿದ್ದವರಿಗೆ ಅಷ್ಟು ಸಾಕು. ಅವನು ಸೊಂಟದ ಚಾಕು ತೆಗೆದು ಸೂಟ್‌ಕೇಸಿನ ಮುಂದೆ ಮಂಡಿಯೂರಿ ಮಾವ ಬಿಗಿದ ನಾಲ್ಕು ಪಟ್ಟಿಯನ್ನೂ ಚಟಚಟನೆ ಕತ್ತರಿಸಿದ.

“ದೊಡ್ಡಮ್ಮ, ಇಸ್ತ್ರಿ ಪೆಟ್ಟಿಗೆ ಬಿಟ್ಟು ಹೋಗಿ. ಹೊದಿಕೆ ಹೆಗಲ ಮೇಲೆ ಹಾಕ್ಕೊಳ್ಳಿ. ಮೈಮೇಲಿರೋದನ್ನ ಯಾರೂ ತೂಗಲ್ಲ.”

ಟೈಲರಮ್ಮ ಮುಂದೆ ಬಂದರು. ಅವನು ತೆಗೆದುಕೊಟ್ಟ ಹೊದಿಕೆಯನ್ನು ಹೆಗಲಿಗೆ ಸುತ್ತಿಕೊಂಡರು. ಅವನು ಇಸ್ತ್ರಿ ಪೆಟ್ಟಿಗೆಯನ್ನು ಹೊರಗಿಟ್ಟು, ಜಿಪ್ ಎಳೆದು, ಕಲ್ಲನ್ನು ಕಾಲಲ್ಲಿ ತಳ್ಳಿ, ಸೂಟ್‌ಕೇಸನ್ನು ಮತ್ತೆ ಮಿಷನ್ ಮೇಲಿಟ್ಟ. ಇಪ್ಪತ್ತು ಕೆಜಿ ನಾನೂರು.

“ಅಸಲಿ ಎಷ್ಟು?” ಎಂದು ಕೇಳಿದರು ಬ್ಯಾಂಕಿನಮ್ಮ, ತಮಗೇ ಗೊತ್ತಿಲ್ಲದೆ.

“ಇಪ್ಪತ್ತೆರಡು ಕೆಜಿ ಆರುನೂರ ಅರವತ್ತಾರು ಗ್ರಾಂ. ಅದರ ಮುಂದೆ ಇನ್ನೂ ಆರರ ಮೇಲೆ ಆರು ಬರ್ತಾನೇ ಇರುತ್ತೆ, ಬೇಕಿದ್ರೆ ಸಂಜೆವರೆಗೆ ಹೇಳ್ತೀನಿ.”

ಸೂಟ್‌ಕೇಸ್ ಹೊತ್ತುಕೊಂಡು ಕಾರಿನ ಹಿಂದೆ ಇಟ್ಟ. ಟೈಲರಮ್ಮ ಸೀಟಿನಲ್ಲಿ ಕೂತರು. ಹೆಗಲ ಮೇಲಿನ ಹೊದಿಕೆಯಲ್ಲಿ ಗಲ್ಲಿಯ ಎಲ್ಲರ ಬಟ್ಟೆಯ ಚೂರೂ ಇತ್ತು, ಅವನ ಮೊದಲನೇ ಚಡ್ಡಿಯ ನೀಲಿ ಚೂರೂ. ಡ್ರೈವರ್ ಎಂಜಿನ್ ಶುರು ಮಾಡಿದ. ಅವರು ಕಿಟಕಿಯ ಗಾಜು ಇಳಿಸಿ ಅವನ ಮಣಿಕಟ್ಟು ಹಿಡಿದರು.

“ಮಗಾ, ಒಂದು ಮಾತು.”

ಹಿಂದೆ ಮಾವ ಅರಚುತ್ತಿದ್ದ. “ಇವತ್ತು ಒಳಗೆ ಕಾಲಿಡು, ಮುರೀತೀನಿ! ನಿಮ್ಮಮ್ಮನ್ನೂ ಕರ್ಕೊಂಡು ಹೋಗು!” ಸಾಲಿನವರ ದನಿಗಳು ಒಂದರ ಮೇಲೊಂದು ಏರುತ್ತಿದ್ದವು.

“ವರ್ಷ ವರ್ಷ ನಮ್ಮ ಮನೆ ಪೇಪರು, ಕತ್ತರಿಸಿದ ಅಳತೆ ಕಾಗದ, ಎಲ್ಲಾ ನಿನ್ನ ಕೈಗೇ ಕೊಟ್ಟೆ,” ಎಂದರು ಟೈಲರಮ್ಮ. ಕೋಪ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು. “ನನ್ನದನ್ನೂ ಹಾಗೇ ತೂಗಿದ್ಯಾ?”

ಹಾಗೇ ತೂಗಿದ್ದ ಕೈಯಿಂದಲೇ ಅವನು ಅವರ ಬೆರಳುಗಳನ್ನು ಮೆಲ್ಲಗೆ ಬಿಡಿಸಿದ. ಕಾರಿನ ತಲೆಗೆ ಎರಡು ಸಲ ತಟ್ಟಿದ, ಹೊರಡು ಎನ್ನುವ ಹಾಗೆ. ಕಾರು ಹೊರಟಿತು. ಕಿಟಕಿಯಿಂದ ಆ ಮುಖ ಇನ್ನೂ ಹಿಂದಕ್ಕೇ ತಿರುಗಿತ್ತು.

ಬಾಗಿಲಲ್ಲಿ ಅಮ್ಮ, ಬೀದಿಗಿಳಿದ ಮಾವ, ಕೈಯಲ್ಲಿ ಪೇಪರ್ ಹಿಡಿದ ಮುದುಕರು, ಬ್ಯಾಂಕಿನಮ್ಮ, ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಅಂಗಡಿಗೆ ಬಂದು ಟೈಲರಮ್ಮನ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಕೊಂಡ. ಅದನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು, ಕಾರು ಹೋದ ದಿಕ್ಕಿಗೆ ಬೆನ್ನು ಹಾಕಿ, ಗಲ್ಲಿಯ ಇನ್ನೊಂದು ತುದಿಗೆ, ಟೈಲರಮ್ಮನ ಮನೆಯ ಕಡೆಗೆ ನಡೆದ.